ಆಯಿಯ ಹಾಸಿಗೆ, ಗಂಗತ್ತಿಯ ಮಗ್ಗ

ಇಳಕಲ್ಲಿನ ನಮ್ಮ ಓಣಿಯಲ್ಲಿ ಬೆಳಿಗ್ಗೆ ಯಾರ ಮನೆಯ ಮಗ್ಗ ಮೊದಲು ಸದ್ದು ಮಾಡಿತು ಎಂಬುದನ್ನು ಆಯಿ ಹಾಸಿಗೆಯಿಂದ ಏಳದೆಯೇ ಹೇಳುತ್ತಿದ್ದಳು. ಆಯಿ ಎಂದರೆ ನಮ್ಮಪ್ಪನ ತಾಯಿ ಗೌರವ್ವ. ಅವಳ ಹಾಸಿಗೆ ಇದ್ದದ್ದು ನಡುಮನೆಯ ಕಿಟಕಿಯ ಕೆಳಗೆ, ಕಿಟಕಿ ತೆರೆದಿದ್ದು ಓಣಿಗೆ. ಕಂಬಳಿಯನ್ನು ಗದ್ದದ ತನಕ ಎಳೆದುಕೊಂಡು, ಕಣ್ಣು ಮುಚ್ಚಿಕೊಂಡೇ, ಇದು ಮೂಲೆಮನೆ ಈರಪ್ಪನ ಮಗ್ಗ, ಲಾಳಿ ಕುಂಟುತ್ತಿದೆ. ಇದು ಎದುರುಮನೆಯದು, ಗಂಡ ಹೆಂಡತಿಗೆ ಏನೋ ಜಗಳವಾಗಿದೆ, ಅವನು ಬಡಿಯುವ ಜೋರು ಕೇಳು ಎನ್ನುತ್ತಿದ್ದಳು. ನಾನು ಅವಳ ಮಗ್ಗುಲಲ್ಲೇ ಮಲಗುತ್ತಿದ್ದುದರಿಂದ ಮುಖ ತೊಳೆಯುವ ಮೊದಲೇ ಓಣಿಯ ಸುದ್ದಿಯೆಲ್ಲ ನನ್ನ ಕಿವಿಗೆ ಬಿದ್ದಿರುತ್ತಿತ್ತು. ನನಗಿರುವ ಇಷ್ಟು ಮಾತು ಬಂದದ್ದು ಆ ಕಿಟಕಿಯ ಕೆಳಗಿನಿಂದ. ಸಾಲೆಯಲ್ಲಿ ಕಲಿತದ್ದು ಅದರ ಮೇಲಿನ ಸುಣ್ಣಬಣ್ಣ ಅಷ್ಟೇ.

ಆ ಹಾಸಿಗೆಯ ಕೆಳಗಿನ ನೆಲ ಮನೆಯ ಉಳಿದ ನೆಲದಂತಿರಲಿಲ್ಲ. ಕಾಲಿಟ್ಟರೆ ತುಸು ಮೆತ್ತಗೆ, ಬೇಸಿಗೆಯಲ್ಲೂ ತಣ್ಣಗೆ. ಹಿಂದೆ ಅಲ್ಲಿ ಮುತ್ಯಾನ, ಅಂದರೆ ನಮ್ಮಜ್ಜನ, ಕುಣಿಮಗ್ಗ ಇತ್ತಂತೆ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು, ನೆಲದ ಮಟ್ಟಕ್ಕೆ ಕುಳಿತು ನೇಯುವ ಮಗ್ಗ ಅದು. ಮುತ್ಯಾ ತೀರಿಕೊಂಡ ಮೇಲೆ ಮಗ್ಗದ ಕಟ್ಟಿಗೆಗಳನ್ನು ಬಿಚ್ಚಿ ಅಟ್ಟಕ್ಕೆ ಹಾಕಿದರು, ಕುಣಿಗೆ ಮಣ್ಣು ತುಂಬಿ ಸಗಣಿ ಸಾರಿಸಿದರು. ಸಾರಣೆ ಆರಿದ ದಿನವೇ ಆಯಿ ತನ್ನ ಹಾಸಿಗೆ ತಂದು ಅದರ ಮೇಲೆ ಹಾಸಿಕೊಂಡಳು. ಯಾರೂ ಏನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅಪ್ಪನ ಮಗ್ಗ ಮುಂದಿನ ಪಡಸಾಲೆಯಲ್ಲಿತ್ತು. ಹೀಗೆ ನಮ್ಮ ಮನೆಯಲ್ಲಿ ಒಂದು ಮಗ್ಗ ಸದ್ದು ಮಾಡುತ್ತಿತ್ತು, ಇನ್ನೊಂದರ ಮೇಲೆ ಆಯಿ ಮಲಗುತ್ತಿದ್ದಳು.

ಅಪ್ಪ ನೇಕಾರರ ಸಹಕಾರಿ ಸಂಘದ ಸದಸ್ಯ. ಮುತ್ಯಾನ ಕಾಲದಲ್ಲಿ ನೂಲು ಕೊಡುವವನು ಸಾವಕಾರ, ಸೀರೆ ಒಯ್ಯುವವನೂ ಸಾವಕಾರ, ಸೀರೆಯಲ್ಲಿ ಕುಂದು ಹುಡುಕಿ ಹೆಸರಿಡುವವನೂ ಅವನೇ. ಬೇಸತ್ತ ಒಂದಷ್ಟು ಮಂದಿ ತಮ್ಮ ತಮ್ಮ ಷೇರು ಹಾಕಿ ತಾವೇ ಒಂದು ಸಂಘ ಮಾಡಿಕೊಂಡರು. ಅಲ್ಲಿಂದ ನೂಲು, ರೇಷ್ಮೆ ಬರುತ್ತಿತ್ತು. ನೇಯ್ದ ಸೀರೆ ಅಲ್ಲಿಗೇ ಹೋಗುತ್ತಿತ್ತು. ಮಾರಾಟದಲ್ಲಿ ಮಿಕ್ಕಿದ್ದನ್ನು ಏನು ಮಾಡಬೇಕೆಂದು ವರ್ಷಕ್ಕೊಮ್ಮೆ ಎಲ್ಲರೂ ಕುಳಿತು ಠರಾವು ಮಾಡುತ್ತಿದ್ದರು. ಅಪ್ಪ ಡೈರೆಕ್ಟರಾಗಿ ಆರಿಸಿ ಬಂದ ಮೇಲಂತೂ ಊಟಕ್ಕೆ ಕುಳಿತರೆ ಸಂಘದ್ದೇ ಮಾತು. ಒಬ್ಬನ ಮನೆಯಲ್ಲಿ ಹತ್ತು ಮಗ್ಗ ಇರಲಿ, ಇನ್ನೊಬ್ಬನ ಮನೆಯಲ್ಲಿ ಒಂದೇ ಇರಲಿ, ಎತ್ತುವ ಕೈ ಒಂದೊಂದೇ ಎಂದು ಅವನು ರೊಟ್ಟಿ ಹಿಡಿದ ಕೈಯನ್ನೇ ಎತ್ತಿ ತೋರಿಸುತ್ತಿದ್ದ. ಒಂದು ದಿನ ಆಯಿ ಅವನನ್ನು ಅಲ್ಲಿಯೇ ಹಿಡಿದಳು.

"ಬಸೂ, ಸಂಘದಾಗ ಎಲ್ಲಾರಿಗೂ ಒಂದೊಂದ ಕೈ ಅಂತೀ. ಮನ್ಯಾಗ ಮಾತ್ರ ನಿಂದೊಬ್ಬಂದ ಕೈ. ಇದ್ಯಾವ ಸಂಘಾನೋ?"

"ಮನಿ ಬ್ಯಾರೆ, ಸಂಘ ಬ್ಯಾರೆ ಯವ್ವಾ."

"ಯಾಕ? ಮನ್ಯಾಗ ನಾವ್ಯಾರೂ ದುಡಿಯಂಗಿಲ್ಲೇನು?"

ಅಪ್ಪ ಇನ್ನೊಂದು ರೊಟ್ಟಿಗೆ ಕೈ ಚಾಚಿದ. ಅಂದಿನಿಂದ ನಮ್ಮ ಮನೆಯಲ್ಲೂ ಠರಾವು ಶುರುವಾಯಿತು. ನೇಕಾರರ ಮನೆಗಳಲ್ಲಿ ಅಮಾವಾಸ್ಯೆಗೆ ಮಗ್ಗಕ್ಕೆ ಬಿಡುವು. ಹೋಳಿಗೆ ಊಟ ಮುಗಿದು, ಎಲ್ಲರೂ ನಡುಮನೆಯಲ್ಲಿ ಕಾಲು ಚಾಚಿದ ಹೊತ್ತಿಗೆ ಆಯಿ ತನ್ನ ತಾಮ್ರದ ಗಿಂಡಿಯನ್ನು ದೇವರ ಜಗಲಿಯ ಮುಂದೆ ಇಡಿಸುತ್ತಿದ್ದಳು. ಪ್ರತಿಯೊಬ್ಬರ ಕೈಗೂ ಒಂದು ಜೋಳದ ಕಾಳು, ಒಂದು ಹೆಸರುಕಾಳು. ಹೌದೆನ್ನುವವರು ಗಿಂಡಿಗೆ ಜೋಳ ಹಾಕಬೇಕು, ಬೇಡವೆನ್ನುವವರು ಹೆಸರು. ಉಳಿದ ಕಾಳನ್ನು ಯಾರಿಗೂ ಕಾಣದಂತೆ ಬಾಯಿಗೆ ಹಾಕಿಕೊಂಡು ನುಂಗಬೇಕು. ಮಕ್ಕಳಿಗೆ ಕಾಳು ಯಾಕೆ ಎಂದು ಅಪ್ಪ ತಕರಾರು ತೆಗೆದ. ನಾನು, ಅಣ್ಣ ಮಲ್ಲಣ್ಣ ಇಬ್ಬರೂ ಸಾಲೆಯಿಂದ ಬಂದು ರಾಟೆಯ ಮುಂದೆ ಕುಳಿತು, ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತಿಕೊಡುತ್ತಿದ್ದೆವು. ಆಯಿ ಅದನ್ನೇ ಕಾನೂನು ಮಾಡಿದಳು. ಕಂಡಿಕೆ ಸುತ್ತಿದವರಿಗೆ ಕಾಳು, ಸುತ್ತದವರಿಗೆ ಇಲ್ಲ. ಸಮಸಮ ಬಿದ್ದರೆ ಏನು ಮಾಡುತ್ತೀರಿ ಎಂದೂ ಅಪ್ಪನನ್ನು ಕೇಳಿದಳು. ಸಂಘದಲ್ಲಿ ಹಾಗಾದರೆ ಅಧ್ಯಕ್ಷರಿಗೆ ಇನ್ನೊಂದು ಮತ ಇರುತ್ತದೆ ಎಂದು ಅಪ್ಪ ಹೇಳಿದ್ದೇ ತಡ, ಹಾಗಾದರೆ ಅಧ್ಯಕ್ಷಿ ನಾನೇ ಎಂದಳು. ಅದನ್ನು ಮಾತ್ರ ಮತಕ್ಕೆ ಹಾಕಲಿಲ್ಲ.

ಮೊದಮೊದಲು ಅದು ಆಟವೇ. ಎಣ್ಣೆಗಾಯಿ ಮಾಡುವುದೋ ಪುಂಡಿಪಲ್ಯ ಮಾಡುವುದೋ, ಕೂಡಲಸಂಗಮಕ್ಕೆ ಶ್ರಾವಣದಲ್ಲಿ ಹೋಗುವುದೋ ಆಮೇಲೋ ಎಂಬಂಥ ಠರಾವುಗಳು. ಒಮ್ಮೆ ಎಣಿಸಿದಾಗ ಮನೆಯಲ್ಲಿದ್ದ ತಲೆಗಿಂತ ಗಿಂಡಿಯಲ್ಲಿ ಕಾಳು ಹೆಚ್ಚು ಬಂದವು. ಮಲ್ಲಣ್ಣ ಜೋಳದ ಚೀಲಕ್ಕೆ ಕೈ ಹಾಕಿ ಬಂದಿದ್ದ. ಆಯಿ ಗಿಂಡಿಯನ್ನು ಬೋರಲು ಮಾಡಿ, ಸಭೆ ರದ್ದು ಎಂದಳು. ಮುಂದಿನ ಅಮಾವಾಸ್ಯೆಯ ತನಕ ಅವನ ಕಾಳು ಬಂದ್. ಅವನು ಅತ್ತದ್ದು ಕಂಡರೆ ಯಾರೋ ಅವನ ಹೊಲ ಕಿತ್ತುಕೊಂಡಿದ್ದಾರೆ ಅನ್ನಬೇಕು. ಅವ್ವ ಮಾತ್ರ ಈ ಆಟಕ್ಕೆ ಬೇರೆಯೇ ರುಚಿ ಕಂಡುಕೊಂಡಳು. ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ತನ್ನನ್ನು ಯಾರೂ ಏನನ್ನೂ ಕೇಳಿದ್ದಿಲ್ಲ, ಈಗ ಕಾಳು ಕೇಳುತ್ತದೆ ಎಂದು ಒಮ್ಮೆ ನನ್ನ ಜಡೆ ಹೆಣೆಯುತ್ತ ಅಂದಿದ್ದಳು.

ಇನ್ನು ಗಂಗತ್ತಿ. ಅಪ್ಪನ ಒಬ್ಬಳೇ ತಂಗಿ ಗಂಗವ್ವ, ನಮಗೆ ಅತ್ತಿ. ಅವಳನ್ನು ಮರೋಳದ ಕಡೆ ಒಕ್ಕಲುತನದ ಮನೆಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕು ಹಿಡಿದು ತವರಿಗೆ ಬಂದಳು. ಬಂದ ಮರುದಿನವೇ ಅಪ್ಪನ ಮಗ್ಗದ ಎದುರು ಕುಳಿತು ಕೊಂಡಿ ಹಾಕಲು ಶುರು ಮಾಡಿದಳಂತೆ. ಇಳಕಲ್ ಸೀರೆಯ ಒಡಲು ಬೇರೆ, ಸೆರಗು ಬೇರೆ. ಒಡಲಿಗೆ ಹತ್ತಿಯ ಹಾಸು, ಅಂದರೆ ಉದ್ದನೆಯ ಎಳೆ, ಸೆರಗಿಗೆ ಕೆಂಪು ರೇಷ್ಮೆಯ ಹಾಸು. ಎರಡನ್ನೂ ಮಗ್ಗದ ಮೇಲೆಯೇ ಎಳೆಗೆ ಎಳೆ, ಒಂದರ ಕೊರಳಲ್ಲಿ ಇನ್ನೊಂದನ್ನು ತೂರಿಸಿ ಕೊಂಡಿ ಹಾಕಿ ಸೇರಿಸಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಈಚೆ ಒಬ್ಬರು, ಆಚೆ ಒಬ್ಬರು, ಎದುರುಬದುರು. ಅಪ್ಪ ಮತ್ತು ಗಂಗತ್ತಿ ಹಾಗೆ ಕುಳಿತರೆ ಮಧ್ಯಾಹ್ನವೆಲ್ಲ ಜಗಳ. ನೀನು ಎಳೆ ಬಿಟ್ಟೆ, ನಾನಲ್ಲ ನೀನು ಬಿಟ್ಟೆ, ಸಣ್ಣವಳಿದ್ದಾಗ ನನ್ನ ಬುಗುರಿ ಬಾವಿಗೆ ಹಾಕಿದವಳು ನೀನೇ ಅಲ್ಲವೇ ಎಂದು ಎಲ್ಲೆಲ್ಲಿಗೋ ಹೋಗುತ್ತಿತ್ತು. ಬಾಯಿ ಜಗಳಾಡುತ್ತಿದ್ದಾಗ ಬೆರಳುಗಳು ಮಾತ್ರ ಎಳೆ ಬಿಡದೆ ಒಂದಕ್ಕೊಂದು ಕೊಟ್ಟು ತೆಗೆದುಕೊಳ್ಳುತ್ತಿದ್ದವು. ಅಪ್ಪ ಸಂಘದ ಕೆಲಸಕ್ಕೆ ಹೋದಾಗಲೆಲ್ಲ ಗಂಗತ್ತಿ ಅವನ ಮಗ್ಗಕ್ಕೆ ಇಳಿದು ನೇಯುತ್ತಿದ್ದಳು. ಅಪ್ಪ ಡೈರೆಕ್ಟರಾದ ಮೇಲೆ ಹೋಗುವುದೇ ಹೆಚ್ಚಾಗಿ, ಸೀರೆಯ ಮುಕ್ಕಾಲು ಪಾಲು ಅವಳದೇ ಆಗುತ್ತಿತ್ತು. ಸಂಘಕ್ಕೆ ಹೋಗುವಾಗ ಮಾತ್ರ ಸೀರೆ ಅಪ್ಪನದು. ಅದರ ಬಗ್ಗೆ ಅವಳು ಒಂದು ದಿನವೂ ಮಾತೆತ್ತಿದವಳಲ್ಲ.

ಮಾತು ಬಂದದ್ದು ಸಂಘದ ವಾರ್ಷಿಕ ಸಭೆಯಲ್ಲಿ. ಆ ಸಭೆಯೆಂದರೆ ನಮ್ಮ ಮಕ್ಕಳ ಪಾಲಿಗೆ ಕರದಂಟು. ಅಮೀನಗಡದಿಂದ ತರಿಸಿದ ಕರದಂಟಿನ ಪೊಟ್ಟಣವನ್ನು ಸಭೆ ಮುಗಿದ ಮೇಲೆ ಒಬ್ಬೊಬ್ಬ ಸದಸ್ಯನ ಕೈಗೆ ಕೊಡುವ ಪದ್ಧತಿ. ಉತ್ತತ್ತಿ, ಗೋಡಂಬಿ, ಅಂಟು, ಬೆಲ್ಲ ಎಲ್ಲ ಸೇರಿ ಹಲ್ಲಿಗೆ ಅಂಟಿಕೊಂಡರೆ ಅರ್ಧ ದಿನ ಮಾತಾಡುವಂತಿರಲಿಲ್ಲ. ಆ ಠರಾವನ್ನು ವರ್ಷವರ್ಷವೂ ಮಂಡಿಸುತ್ತಿದ್ದವನು ಅಪ್ಪನೇ, ಯಾಕೆಂದರೆ ಅದನ್ನು ತಿನ್ನುವುದರಲ್ಲೂ ಅವನದೇ ಮೊದಲ ಹೆಸರು. ಆ ವರ್ಷ ಗಂಗತ್ತಿ ನನ್ನನ್ನು ಕರೆದುಕೊಂಡು ಸಭೆ ನೋಡಲು ಬಂದಳು. ನಾವು ಬಾಗಿಲ ಹತ್ತಿರ ಹಿಂದೆ ಕುಳಿತೆವು. ಅಪ್ಪ ಎದ್ದು ಕರದಂಟಿನ ಠರಾವು ಹೇಳುತ್ತಿದ್ದಂತೆ ಗಂಗತ್ತಿ ಕುಳಿತಲ್ಲಿಂದಲೇ, ಮೊದಲು ಬಣ್ಣದ ಮನೆಗೆ ತಗಡು ಹೊದಿಸಿರಿ, ಮಳೆ ಬಂದರೆ ಒಣಹಾಕಿದ ನೂಲಿಗೆ ಹನಿ ಬಿದ್ದು ಕಲೆಯಾಗುತ್ತದೆ, ಆ ನೂಲು ತಂದು ನಾವು ನೇಯ್ದರೆ ಸೀರೆಯ ತುಂಬ ತೊನ್ನು ಎಂದಳು. ಬಣ್ಣ ಕಾಸುವ ಹೆಂಗಸರೂ ಬಾಗಿಲ ಹತ್ತಿರ ನಿಂತಿದ್ದರು, ಹೌದು ಹೌದು ಎಂದರು. ಅಧ್ಯಕ್ಷರು ಒಳ್ಳೆಯ ಮನುಷ್ಯರು, ಕೈ ಮುಗಿದೇ ಹೇಳಿದರು.

"ತಂಗೀ, ನೀ ಹೇಳೂದು ಖರೆ ಇರಬಹುದು. ಆದ್ರ ಸದಸ್ಯರಲ್ಲದವ್ರು ಸಭಾದಾಗ ಮಾತಾಡೂದು ಬೈಲಾದಾಗಿಲ್ಲವ್ವ. ಏನಿದ್ರೂ ನಿಮ್ಮಣ್ಣ ಹೇಳ್ತಾನ."

ಅಣ್ಣ ಹೇಳಲಿಲ್ಲ. ಕೈಗಳು ಎದ್ದವು, ಠರಾವು ಪಾಸಾಯಿತು, ಪೊಟ್ಟಣಗಳು ಬಂದವು. ಮನೆಗೆ ಬಂದ ಮೇಲೆ ಅಪ್ಪ ಪೊಟ್ಟಣ ಬಿಚ್ಚಿ ಮೊದಲ ತುಂಡನ್ನು ಗಂಗತ್ತಿಗೆ ಚಾಚಿದ. ಅವಳು ತೆಗೆದುಕೊಂಡು ನನ್ನ ಕೈಯಲ್ಲಿಟ್ಟಳು. ಮರುದಿನ ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುತ್ತಿದ್ದಾಗ, ಒಲೆಯ ಮುಂದೆ ಕುಳಿತಿದ್ದ ಗಂಗತ್ತಿ ಯಾರ ಮುಖವನ್ನೂ ನೋಡದೆ, ತನ್ನ ಹೆಸರಿನಲ್ಲಿ ಒಂದು ಷೇರು ಬೇಕು, ತಾನೂ ಸದಸ್ಯಳಾಗಬೇಕು ಎಂದಳು. ರೊಟ್ಟಿಯ ಸದ್ದು ಒಮ್ಮೆಲೇ ನಿಂತಿತು.

ಸದಸ್ಯಳಾಗಬೇಕಾದರೆ ಬೈಲಾದ ಪ್ರಕಾರ ಅವಳದೇ ಆದ, ನಡೆಯುವ ಮಗ್ಗ ಇರಬೇಕು. ಅಣ್ಣನ ಮಗ್ಗ ತೋರಿಸಿ ಆಗುವುದಿಲ್ಲ. ಡೈರೆಕ್ಟರುಗಳು ಬಂದು ಕಣ್ಣಾರೆ ನೋಡಿ ಹೋಗುತ್ತಾರೆ. ಕಟ್ಟಿಗೆಯ ಚಿಂತೆ ಇರಲಿಲ್ಲ, ಮುತ್ಯಾನ ಮಗ್ಗ ಅಟ್ಟದ ಮೇಲೆ ಇತ್ತು. ಇಲ್ಲದ್ದು ಜಾಗ. ಪಡಸಾಲೆ ಅಪ್ಪನ ಮಗ್ಗಕ್ಕೇ ಸರಿಹೋಗಿತ್ತು. ಅಡುಗೆಮನೆಯಲ್ಲಿ ಹೊಗೆ. ಹಿತ್ತಲಲ್ಲಿ ಎಮ್ಮೆ. ಎಳೆ ಕಾಣುವಷ್ಟು ಬೆಳಕಿದ್ದದ್ದು ನಡುಮನೆಯ ಕಿಟಕಿಯ ಕೆಳಗೆ ಒಂದೇ ಕಡೆ. ಅದನ್ನು ಬಾಯಿ ಬಿಟ್ಟು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಎಲ್ಲರೂ ಮಾತಾಡುತ್ತ ಮಾತಾಡುತ್ತ ಆ ಕಡೆ ನೋಡುತ್ತಿದ್ದರು. ಆಯಿ ಹಾಸಿಗೆಯ ಮೇಲೆ ಕುಳಿತು ಎಲೆ ಅಡಿಕೆ ಮೆಲ್ಲುತ್ತ, ಅವರು ನೋಡುವುದನ್ನು ನೋಡುತ್ತಿದ್ದಳು.

ಆ ಅಮಾವಾಸ್ಯೆಯ ತನಕ ಮನೆ ಬಿಗಿದ ಹಾಸಿನಂತಿತ್ತು. ಅಪ್ಪನಿಗೆ ನೂರು ಕಾರಣ. ಅಣ್ಣ ತಂಗಿಗೆ ಅನ್ನ ಹಾಕಲಿಲ್ಲ, ಅದಕ್ಕೇ ಬೇರೆ ಮಗ್ಗ ಹೂಡಿದಳು ಎಂದು ಓಣಿ ಅನ್ನುತ್ತದೆ. ಅವಳು ತನ್ನ ಮಗ್ಗಕ್ಕೆ ಕುಳಿತರೆ ಅಪ್ಪನ ಎದುರು ಕೊಂಡಿ ಹಾಕುವವರು ಯಾರು. ಅವ್ವನಿಗೂ ಒಳಗೊಳಗೆ ದಿಗಿಲು, ಮಗ್ಗ ಬಂದರೆ ಗಂಗವ್ವ ಒಲೆಯ ಕಡೆ ಬರುವುದು ತಪ್ಪುತ್ತದೆ, ಅಷ್ಟೂ ರೊಟ್ಟಿ ತನ್ನ ಮೇಲೆ ಎಂದು. ಅಪ್ಪ ನಿಜವಾಗಿ ಅಂಜಿದ್ದು ಯಾವುದಕ್ಕೆ ಎಂಬುದು ಒಂದು ಮಧ್ಯಾಹ್ನ ಕೊಂಡಿ ಹಾಕುವಾಗ ಹೊರಬಿತ್ತು. ನಾನು ಪಕ್ಕದಲ್ಲಿ ರಾಟೆ ತಿರುಗಿಸುತ್ತಿದ್ದೆ.

"ನಾಳೆ ಸಭಾದಾಗ ನಾ ಒಂದು ಅಂದು, ನೀ ಇನ್ನೊಂದು ಅಂದ್ರ ಮಂದಿ ನನಗ ಏನಂತಾರ ಗಂಗೂ? ಮನ್ಯಾಗಿನ ತಂಗೀನ ಕೇಳಂಗಿಲ್ಲ, ಇಂವಾ ಎಂಥಾ ಡೈರೆಕ್ಟರ ಅನ್ನೂದಿಲ್ಲೇನು?"

"ನಾ ನಿನ್ನ ಹಂಗ ಕೈ ಎತ್ತೂದಿದ್ರ ನನಗ್ಯಾಕ ಬೇಕಣ್ಣಾ ಷೇರು? ನಿಂದ ಎರಡೂ ಕೈ ಎತ್ತಿ ಬಿಡು, ಮುಗೀತಲ್ಲ."

ಅಪ್ಪನಿಗೆ ನಗು ಬಂತು. ನಗುವಾಗ ನಿಜವಾಗಿಯೂ ಎಳೆ ಬಿಟ್ಟ. ಅದಕ್ಕೆ ಗಂಗತ್ತಿ ಬೈದಳು, ಮತ್ತೆ ಬುಗುರಿಯ ಕತೆ ಬಂತು. ಆದರೆ ಅಪ್ಪ ಹೌದು ಎನ್ನಲಿಲ್ಲ.

ಅಮಾವಾಸ್ಯೆ ಬಂತು. ಮಗ್ಗ ನಿಂತ ಓಣಿಯಲ್ಲಿ ಒಂದು ಥರದ ಕಿವುಡು ಆವರಿಸುತ್ತದೆ, ಕಾಗೆ ಕೂಗಿದರೂ ಹತ್ತಿರದಲ್ಲೇ ಕೂಗಿದಂತೆ. ಹೋಳಿಗೆ ಉಂಡಾಯಿತು. ಆಯಿ ವಿಭೂತಿ ಹಚ್ಚಿಕೊಂಡು, ಸಂಗಮನಾಥನಿಗೆ ಕೈ ಮುಗಿದು, ಗಿಂಡಿ ಇಡಿಸಿದಳು. ಠರಾವನ್ನು ತಾನೇ ಹೇಳಿದಳು: ಕಿಟಕಿಯ ಕೆಳಗೆ ಗಂಗವ್ವನ ಮಗ್ಗ ಹೂಡುವುದು. ತನ್ನ ಹಾಸಿಗೆಯ ಮಾತೇ ಎತ್ತಲಿಲ್ಲ. ಒಬ್ಬೊಬ್ಬರಾಗಿ ಎದ್ದು ಹೋಗಿ, ಗಿಂಡಿಯ ಬಾಯಿಗೆ ಅಂಗೈ ಮುಚ್ಚಿ ಕಾಳು ಬಿಟ್ಟು ಬಂದೆವು. ಗಂಗತ್ತಿಯ ಕೈ ಬೆವೆತಿತ್ತು. ಅವಳ ಕಾಳು ಅಂಗೈಗೇ ಅಂಟಿ, ಅವಳು ಕೈ ಕೊಡವಿದ್ದು ನನಗೆ ಕಂಡಿತು. ಕೊನೆಗೆ ಆಯಿ ಹಾಕಿದಳು. ಮಲ್ಲಣ್ಣ ಗಿಂಡಿಯನ್ನು ತಾಟಿಗೆ ಸುರುವಿದ. ಮೂರು ಜೋಳ, ಮೂರು ಹೆಸರು.

ಸಮಸಮ ಬಿದ್ದರೆ ಅಧ್ಯಕ್ಷರದು ಇನ್ನೊಂದು ಮತ ಎಂದು ಅಪ್ಪನೇ ಕಲಿಸಿಕೊಟ್ಟಿದ್ದ. ಆಯಿ ಹೇಗೂ ಮಗಳ ಕಡೆ ಹಾಕಿರುತ್ತಾಳೆ, ಇನ್ನೊಂದನ್ನೂ ಅತ್ತಲೇ ಹಾಕುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದೆವು ಅಂತ ಕಾಣುತ್ತದೆ, ಯಾಕೆಂದರೆ ಗಂಗತ್ತಿಯ ಮುಖದಲ್ಲಿ ಆಗಲೇ ಬೆಳಕು ಬಂದಿತ್ತು. ಆಯಿ ತಾಟಿನಿಂದ ಒಂದು ಹೆಸರುಕಾಳು ಎತ್ತಿ ಬೆರಳ ತುದಿಯಲ್ಲಿ ಹಿಡಿದಳು.

"ಇದು ನಂದು," ಎಂದಳು. "ನನಗ ಹಾಸಿಗಿ ಸರಿಸೂ ಮನಸಿಲ್ಲ. ಅಲ್ಲಿ ನಿಮ್ಮಪ್ಪ ಕುಂತಿದ್ದ. ಅದಕ್ಕ ಹೆಸರ ಹಾಕೀನಿ. ಸುಳ್ಳ ಯಾಕ ಹೇಳ್ಲಿ?"

ಗಂಗತ್ತಿ ತಲೆ ತಗ್ಗಿಸಿದಳು. ಅಪ್ಪ ಏನೋ ಹೇಳಲು ಬಾಯಿ ತೆರೆದ. ಆಯಿ ಕೈ ಅಡ್ಡ ಹಿಡಿದಳು.

"ತಡಿ, ಮುಗದಿಲ್ಲ. ಅದು ಗೌರವ್ವನ ಕಾಳು. ಈಗ ಅಧ್ಯಕ್ಷಿ ಕಾಳು ಹಾಕಬೇಕು. ಗೌರವ್ವಗ ತನ್ನ ಹಾಸಿಗಿ ಚಿಂತಿ. ಅಧ್ಯಕ್ಷಿಗೆ ಈ ಮನ್ಯಾಗ ಇದ್ದವ್ರೆಲ್ಲಾರ ಚಿಂತಿ. ಮಲ್ಲ್ಯಾ, ಒಂದು ಜ್ವಾಳ ತಾ."

ಮಲ್ಲಣ್ಣ ಓಡಿದ. ಒಂದು ಹಿಡಿ ತಂದ. ಆಯಿ ಅದರಲ್ಲಿ ಒಂದೇ ಒಂದು ಆರಿಸಿ ಗಿಂಡಿಗೆ ಹಾಕಿದಳು. ಖಾಲಿ ಗಿಂಡಿಯಲ್ಲಿ ಅದು ಟಣ್ ಎಂದಿತು. ಉಳಿದ ಎರಡು ಹೆಸರುಕಾಳು ಯಾರವು ಎಂಬುದು ಮಾತ್ರ ಇಂದಿಗೂ ಬಗೆಹರಿದಿಲ್ಲ. ಆಮೇಲಿನ ವರ್ಷಗಳಲ್ಲಿ ಯಾವಾಗ ಕೇಳಿದರೂ ಅಪ್ಪ ತಾನು ಜೋಳ ಹಾಕಿದ್ದೆ ಎನ್ನುತ್ತಿದ್ದ, ಅವ್ವನೂ ಜೋಳ, ಮಲ್ಲಣ್ಣನೂ ಜೋಳ. ಅವರೆಲ್ಲರ ಮಾತು ನಂಬಿದರೆ ಆ ಮಧ್ಯಾಹ್ನ ಮನೆಯಲ್ಲಿ ದೆವ್ವಗಳೂ ಕಂಡಿಕೆ ಸುತ್ತಿ ಕಾಳು ಪಡೆದಿರಬೇಕು.

ಮರುದಿನ ಕುಣಿ ತೋಡಿದವನು ಅಪ್ಪನೇ. ಠರಾವು ಆದ ಮೇಲೆ ಅದು ಸೋತವರದೂ ಹೌದು ಎಂದು ಸಂಘದಲ್ಲಿ ಹೇಳುತ್ತಿದ್ದ ಮಾತನ್ನೇ ಗುದ್ದಲಿಗೂ ಹೇಳಿಕೊಳ್ಳುತ್ತ ತೋಡಿದ. ತುಂಬಿದ ಮಣ್ಣಾದ್ದರಿಂದ ಸುಲಭವಾಗಿ ಬಂತು. ತಳದಲ್ಲಿ ಮುತ್ಯಾ ಕಾಲಿಡುತ್ತಿದ್ದ ಕೆಂಪು ಕಲ್ಲು ಸಿಕ್ಕಿತು, ನಮ್ಮೂರ ಗಣಿಯ ಕಲ್ಲು, ಪಾದ ಊರುವ ಕಡೆ ನುಣ್ಣಗೆ ಸವೆದಿತ್ತು. ಗಂಗತ್ತಿ ಅಂಚಿನಲ್ಲಿ ಕುಳಿತು ಕಾಲು ಇಳಿಬಿಟ್ಟಳು. ಕಾಲು ಕಲ್ಲಿಗೆ ಮುಟ್ಟಲಿಲ್ಲ. ಮುತ್ಯಾ ಉದ್ದ ಆಳು, ಇವಳು ಗಿಡ್ಡಿ. ಮಣ್ಣು ಹಾಕಿ ಕಲ್ಲನ್ನು ಮೇಲೆತ್ತೋಣ ಎಂದ ಅಪ್ಪ. ಆಯಿ ಒಪ್ಪಲಿಲ್ಲ. ಕಲ್ಲು ಇದ್ದಲ್ಲೇ ಇರಲಿ, ಅದರ ಮೇಲೆ ಒಂದು ಹಲಗೆ ಇಡು ಎಂದಳು. ಹಾಗೇ ಆಯಿತು. ಆಯಿಯ ಹಾಸಿಗೆ ಅಡುಗೆಮನೆಯ ಬಾಗಿಲ ಪಕ್ಕಕ್ಕೆ, ಜೋಳದ ಚೀಲಗಳ ಮಗ್ಗುಲಿಗೆ ಹೋಯಿತು. ಎರಡು ದಿನ ಅವಳು ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ, ಅಲ್ಲಿ ಮಲಗಿದರೆ ಅವ್ವ ಬೇಳೆಗೆ ಎಷ್ಟು ಉಪ್ಪು ಹಾಕುತ್ತಾಳೆ ಎಂಬುದೂ ಕಾಣುತ್ತದೆ ಎಂದು ಗೊತ್ತಾಗಿ ಗೆಲುವಾದಳು. ಅವ್ವನ ಗೆಲುವು ಅಷ್ಟಕ್ಕೇ ಮುಗಿಯಿತು.

ಮಗ್ಗ ನೋಡಲು ಡೈರೆಕ್ಟರುಗಳು ಬರುವ ದಿನ ಅಪ್ಪ ಬೆಳಿಗ್ಗೆಯೇ ಧೋತರ ಉಟ್ಟು, ಟೋಪಿ ಇಟ್ಟುಕೊಂಡು ಮುಂಬಾಗಿಲಿನಿಂದ ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಉಳಿದ ಡೈರೆಕ್ಟರುಗಳ ಜೊತೆ ಅದೇ ಬಾಗಿಲಿನಿಂದ ಒಳಗೆ ಬಂದ. ತನ್ನದೇ ಮನೆಯ ಚಾಪೆಯ ಮೇಲೆ ಬೀಗರ ಹಾಗೆ ಅಂಚಿಗೆ ಕುಳಿತ. ಅವ್ವ ಸೆರಗು ಹೊದ್ದು ಅವನಿಗೂ ಕಪ್ಪು-ಬಶಿಯಲ್ಲಿ ಚಹಾ ಕೊಟ್ಟಳು. ನಾನು, ಮಲ್ಲಣ್ಣ ಬಾಯಿಗೆ ಬಟ್ಟೆ ತುರುಕಿಕೊಂಡು ನಿಂತಿದ್ದೆವು. ಗಂಗತ್ತಿ ಕುಣಿಗಿಳಿದು ಕುಳಿತಿದ್ದಳು. ಮಗ್ಗದ ಮೇಲೆ ಗೋಮಿ ಎಂಬ ಅಂಚಿನ ಸೀರೆ, ಅಷ್ಟರಲ್ಲಾಗಲೇ ಒಂದು ಗೇಣು ನೇಯ್ದದ್ದು. ಎಲ್ಲರ ಪರವಾಗಿ ಕೇಳುವುದು ಆ ಸಲ ಅಪ್ಪನ ಪಾಳಿ. ಗಂಟಲು ಸರಿಮಾಡಿಕೊಂಡ.

"ಈ ಮಗ್ಗ ಯಾರದ್ರಿ?"

"ನಂದ್ರಿ."

"ನೇಯೋರು ಯಾರ್ರಿ?"

"ನಾನ ನೇಯ್ತೇನ್ರಿ."

ಇಷ್ಟು ಕೇಳಿ ಅಪ್ಪ ಮುಂದಿನ ಪ್ರಶ್ನೆ ಮರೆತುಬಿಟ್ಟ. ಮುಂದೆ ಏನು ಕೇಳಬೇಕಿತ್ತೋ, ಅದನ್ನು ಪಕ್ಕದವರು ಕೇಳಿ ಮುಗಿಸಿದರು. ಅಪ್ಪ ಬಶಿಯಲ್ಲಿದ್ದ ಚಹಾದ ಕಡೆ ನೋಡುತ್ತಲೇ ಕುಳಿತಿದ್ದ. ತನ್ನ ತಂಗಿ 'ನಂದು' ಎಂದು ಹೇಳಿದ್ದನ್ನು ಅವನು ಅಂದೇ ಮೊದಲು ಕೇಳಿರಬೇಕು. ನಾವಂತೂ ಅಂದೇ ಕೇಳಿದ್ದು.

ಮುಂದಿನ ವಾರ್ಷಿಕ ಸಭೆಗೆ ಗಂಗತ್ತಿ ಸದಸ್ಯರ ಸಾಲಿನಲ್ಲಿ ಕುಳಿತಳು, ನಾನು ಬಾಗಿಲ ಹತ್ತಿರ ನಿಂತೆ. ಅಪ್ಪ ಎದ್ದು ಕರದಂಟಿನ ಠರಾವು ಹೇಳಿದ. ಗಂಗತ್ತಿ ಎದ್ದು ಬಣ್ಣದ ಮನೆಯ ತಗಡಿನ ಮಾತು ಹೇಳಿದಳು, ಹಿಂದಿನ ವರ್ಷದ್ದೇ ಮಾತು, ಒಂದಕ್ಷರವೂ ಬದಲಿಲ್ಲ. ಅಧ್ಯಕ್ಷರು ಈ ಸಲ ಕೈ ಮುಗಿಯಲಿಲ್ಲ. ಬರೆದುಕೊಳ್ಳಿರಿ ಎಂದು ಕಾರ್ಯದರ್ಶಿಗೆ ಹೇಳಿದರು. ಮಿಕ್ಕಿದ ಹಣ ಎರಡರಲ್ಲಿ ಒಂದಕ್ಕೇ ಸಾಲುವಷ್ಟಿತ್ತು. ಕರದಂಟಿಗೆ ಎಷ್ಟು ಕೈ ಎಂದಾಗ ಅಪ್ಪನದು ಎಲ್ಲಕ್ಕಿಂತ ಮೊದಲು ಎದ್ದಿತು. ತಗಡಿಗೆ ಎಂದಾಗ ಗಂಗತ್ತಿಯ ಕೈ ಒಂದೇ ಮೇಲಿತ್ತು, ಅವಳು ತಿರುಗಿ ಯಾರನ್ನೂ ನೋಡಲಿಲ್ಲ. ಆಮೇಲೆ ಮೂಲೆಮನೆ ಈರಪ್ಪನ ಕೈ ಎದ್ದಿತು. ಅವನ ಸೀರೆಗೂ ತೊನ್ನು ಬಂದಿತ್ತು. ಆಮೇಲೆ ಅಲ್ಲೊಂದು, ಇಲ್ಲೊಂದು. ಎಣಿಸಿದಾಗ ತಗಡು ಗೆದ್ದಿತು, ಸ್ವಲ್ಪದರಲ್ಲಿ. ಬಾಗಿಲಲ್ಲಿ ನಿಂತ ನನಗೆ ಹೆಮ್ಮೆಯಾಯಿತು, ಮರುಗಳಿಗೆ ಈ ವರ್ಷ ಕರದಂಟಿಲ್ಲ ಎಂಬುದು ಹೊಳೆದು ಅಳು ಬಂತು. ಎರಡನ್ನೂ ಒಟ್ಟಿಗೆ ತಡೆದುಕೊಳ್ಳುವುದು ಆ ವಯಸ್ಸಿಗೆ ಕಷ್ಟ.

ಮನೆಗೆ ಬರುವಾಗ ಅಪ್ಪ ಮುಂದೆ, ಗಂಗತ್ತಿ ಹಿಂದೆ, ನಡುವೆ ನಾನು. ಓಣಿಯವರು ಕೇಳಿಯೇ ಕೇಳಿದರು, ಏನು ಬಸಪ್ಪಾ, ಮನೆಯವರೇ ಸೋಲಿಸಿದರಂತೆ ಎಂದು. ಅಪ್ಪ ಟೋಪಿ ಸರಿಮಾಡಿಕೊಂಡು ಮುಂದೆ ನಡೆದ. ಒಳಗೆ ಬಂದಾಗ ಆಯಿ ಕರದಂಟು ಎಲ್ಲಿ ಎಂದಳು. ನಿನ್ನ ಮಗಳನ್ನು ಕೇಳು ಎಂದ. ಗಂಗತ್ತಿ ಕೈಕಾಲು ತೊಳೆದು, ಏನೂ ಆಗಿಲ್ಲವೆಂಬಂತೆ ಅವನ ಮಗ್ಗದ ಎದುರು ಹೋಗಿ ಕುಳಿತಳು. ಅವತ್ತು ಅವನ ಸೀರೆಗೆ ಕೊಂಡಿ ಹಾಕುವುದಿತ್ತು. ಅಪ್ಪ ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಕುಳಿತಿದ್ದು, ಆಮೇಲೆ ಬಂದು ಈಚೆ ಕುಳಿತ. ಎಳೆ ಕೊಡುವುದು, ಎಳೆ ತೆಗೆದುಕೊಳ್ಳುವುದು, ಅಷ್ಟೇ. ಆಯಿ ಹಾ ಎಂದು ಆಕಳಿಸಿ, ಏನು ಮನೆ ಇಷ್ಟು ತಣ್ಣಗಿದೆ, ಯಾರಾದರೂ ಬುಗುರಿಯ ಮಾತಾದರೂ ತೆಗೆಯಿರಿ ಎಂದಳು. ಅಪ್ಪನೇ ಮೊದಲು ನಕ್ಕದ್ದು.

ಬಣ್ಣದ ಮನೆಗೆ ತಗಡು ಹೊದಿಸುವ ಜವಾಬ್ದಾರಿಯನ್ನು ಸಂಘ ಅಪ್ಪನ ಮೇಲೆಯೇ ಹಾಕಿತು. ಮಳೆ ಬರುವ ಮೊದಲೇ ಆಗಬೇಕೆಂದು ಅವನು ಅಲ್ಲಿಯೇ ಠಿಕಾಣಿ ಹೂಡಿದ, ಮೊಳೆ ಹೊಡೆಯುವವರಿಗಿಂತ ಜೋರಾಗಿ ತಾನು ಕೂಗಿದ. ಕೆಲಸ ಮುಗಿದ ವಾರ ಏನೋ ಕೆಲಸಕ್ಕೆ ಹುನಗುಂದಕ್ಕೆ ಹೋದವನು ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ ಅಮೀನಗಡಕ್ಕೂ ಹೋಗಿ ಬಂದ. ಪೊಟ್ಟಣವನ್ನು ಗಂಗತ್ತಿಯ ಮಗ್ಗದ ಅಂಚಿನ ಮೇಲೆ ಇಟ್ಟ. ಇದು ಸಂಘದ್ದಲ್ಲ, ಇದಕ್ಕೆ ಯಾರ ಕೈಯೂ ಬೇಕಾಗಿಲ್ಲ ಎಂದ. ಆಗ ಅವಳು ಮೊದಲ ತುಂಡನ್ನು ತಾನೇ ತಿಂದಳು.

ಈಗ ಆಯಿ ಇಲ್ಲ, ಅಪ್ಪ ಅವ್ವ ಇಲ್ಲ. ಸಂಘ ಇದೆ, ಮೊದಲಿನಷ್ಟು ಮಗ್ಗಗಳಿಲ್ಲ, ಆದರೆ ಸಭೆ ತಪ್ಪಿಲ್ಲ. ಮನೆ ಮಲ್ಲಣ್ಣನ ಮಕ್ಕಳು, ಸೊಸೆ, ಮೊಮ್ಮಕ್ಕಳಿಂದ ತುಂಬಿದೆ. ಗಂಗತ್ತಿಯ ಮೊಣಕಾಲು ಕುಣಿಗಿಳಿಯುವುದಿಲ್ಲ ಎಂದ ಮೇಲೆ ಕುಣಿಗೆ ಹಲಗೆ ಮುಚ್ಚಿ, ಅದರ ಮೇಲೆ ಅವಳ ಹಾಸಿಗೆ. ಮಣ್ಣು ತುಂಬಲು ಅವಳು ಬಿಡಲಿಲ್ಲ. ಹೋದ ಅಮಾವಾಸ್ಯೆಗೆ ನಾನು ಈಗಿರುವ ಬಾಗಲಕೋಟೆಯಿಂದ ಊರಿಗೆ ಹೋದಾಗ ಮನೆಯಲ್ಲಿ ಗುಸುಗುಸು ನಡೆದಿತ್ತು. ಮಲ್ಲಣ್ಣನ ಸೊಸೆ ರೇಣುಕಾ ಗಂಡನ ಮಗ್ಗದಲ್ಲಿ ನೇಯ್ದು ನೇಯ್ದು, ಈಗ ತನ್ನ ಹೆಸರಿನಲ್ಲಿ ಷೇರು ಬೇಕು ಎನ್ನುತ್ತಿದ್ದಾಳೆ. ಅದಕ್ಕೆ ಮಗ್ಗ ಬೇಕು. ಮಗ್ಗಕ್ಕೆ ಜಾಗ ಬೇಕು. ಎಲ್ಲರೂ ಮಾತಾಡುತ್ತ ಮಾತಾಡುತ್ತ ಕಿಟಕಿಯ ಕಡೆ ನೋಡುತ್ತಿದ್ದರು. ಊಟವಾದ ಮೇಲೆ ಗಂಗತ್ತಿ ಗಿಂಡಿ ತರಿಸಿದಳು.

"ಮೊದಲ ಹೇಳಿಬಿಡ್ತೇನಿ. ನಂದು ಹೆಸರ ಐತಿ. ನನಗ ಇಲ್ಲೇ ಗಾಳಿ ಭಾಳ ಛಲೋ ಬರತೈತಿ."

ರೇಣುಕಾ ಬಾಯಿ ಮೇಲೆ ಸೆರಗು ಹಿಡಿದು ನಕ್ಕಳು. ಎಲ್ಲರಿಗೂ ಕಾಳು ಹಂಚಿದರು. ನಾನು ಕೈ ಚಾಚಿದೆ. ಗಂಗತ್ತಿ ನನ್ನ ಕೈಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿದಳು.

"ನೀ ಕಂಡಕಿ ಸುತ್ತಿ ಎಷ್ಟ ವರ್ಷ ಆತವಾ ಸಂಗವ್ವ? ಬಾಗಲಕೋಟಿಯವ್ರಿಗೆ ಇಲ್ಲಿ ಕಾಳಿಲ್ಲ."

ಆಯಿಯ ಕಾನೂನು ಅದು, ಅದಕ್ಕೆ ಎದುರು ಮಾತಾಡುವಂತಿರಲಿಲ್ಲ. ಅಮಾವಾಸ್ಯೆ ದಿನ ಮಗ್ಗಕ್ಕೆ ಬಿಡುವಿರಬಹುದು, ರಾಟೆ ಮುಟ್ಟಬಾರದು ಎಂದೇನೂ ಇಲ್ಲವಲ್ಲ ಎಂದೆ. ಮೂಲೆಯಲ್ಲಿದ್ದ ರಾಟೆಯನ್ನು ಎಳೆದುಕೊಂಡು ನೆಲಕ್ಕೆ ಕುಳಿತೆ. ಮೊದಲು ಎಳೆ ಕಿತ್ತುಹೋಯಿತು, ಸಣ್ಣ ಮಕ್ಕಳು ನಕ್ಕರು. ಆಮೇಲೆ ಬೆರಳಿಗೆ ನೆನಪಾಯಿತು. ಗಿಂಡಿ ಕಾಯುತ್ತಿತ್ತು, ಎಲ್ಲರೂ ಕಾಯುತ್ತಿದ್ದರು. ಕಂಡಿಕೆ ತುಂಬಿ ನಾನು ತಲೆಯೆತ್ತಿದಾಗ ಗಂಗತ್ತಿ ಎರಡೂ ಕಾಳು ಹಿಡಿದುಕೊಂಡು ನನ್ನೆದುರು ನಿಂತಿದ್ದಳು. ಅವಳ ಹಿಂದೆ ಕಿಟಕಿಯ ಕೆಳಗೆ ಹಲಗೆಗಳು ಕಾಣುತ್ತಿದ್ದವು. ಹಾಸಿಗೆಯನ್ನು ಆಗಲೇ ಸುತ್ತಿ ಗೋಡೆಗೆ ಒರಗಿಸಿದ್ದಳು.